ಅಧ್ಯಕ್ಷರು ಬದಲಾದರೆ ಅಮೆರಿಕದ ಬಾಗಿಲು ಮತ್ತೆ ತೆರೆದೀತೇ?

ಕಲಬುರಗಿ ಕಡೆಯ ತಾಂಡಾಗಳ ಹೆಣ್ಣುಮಕ್ಕಳು ಹೊಲಿದ ಲಂಬಾಣಿ ಕಸೂತಿಯ ಚೀಲಗಳನ್ನು ಅಮೆರಿಕಕ್ಕೆ ಕಳುಹಿಸುತ್ತಿದ್ದ ನೀವು, ಟ್ರಂಪ್ ಹೇರಿದ ಸುಂಕ ಇಳಿಯಲು ಅಲ್ಲಿ ಅಧ್ಯಕ್ಷರು ಬದಲಾಗುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕಾಯಬೇಡಿ. ನಾನು ಬೀದರಿನವನು, ಬಿದರಿ ಸಾಮಾನುಗಳನ್ನು ಅದೇ ದೇಶಕ್ಕೆ ಅಂಚೆಯ ಮೂಲಕ ಕಳುಹಿಸಿ ಸಂಸಾರ ನಡೆಸುತ್ತಿದ್ದವನು.

2016ರಿಂದ 800 ಡಾಲರಿನವರೆಗಿನ ಪಾರ್ಸಲಿಗೆ ಅಮೆರಿಕದಲ್ಲಿ ಸುಂಕವಿರಲಿಲ್ಲ. ನನ್ನಂಥ ಸಣ್ಣ ವ್ಯಾಪಾರಿಯ ಬದುಕು ನಿಂತಿದ್ದು ಆ ಒಂದೇ ವಿನಾಯಿತಿಯ ಮೇಲೆ. ಬಿದರಿಯ ಕೆಲಸ ನಿಧಾನದ್ದು. ಸತು ಮತ್ತು ತಾಮ್ರದ ಎರಕ ಹೊಯ್ದು, ಉಳಿಯಿಂದ ಬಳ್ಳಿ ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿಯ ಎಳೆಯನ್ನು ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬೆಳ್ಳಿಯನ್ನು ಮೊದಲೇ ಕೊಳ್ಳಬೇಕಾದ್ದರಿಂದ ಗಿರಾಕಿಗಳ ಮುಂಗಡವೆಲ್ಲ ಅದಕ್ಕೇ ಹೋಗುತ್ತದೆ. ಒಮ್ಮೆ ಕೂರಿಸಿದ ಬೆಳ್ಳಿಯನ್ನು ಕಿತ್ತು ಮುಂಗಡ ಹಿಂದಿರುಗಿಸಲು ಸಾಧ್ಯವಿಲ್ಲ.

2025ರ ಫೆಬ್ರವರಿಯಲ್ಲಿ ಮೋದಿ ಮತ್ತು ಟ್ರಂಪ್ ವಾಷಿಂಗ್ಟನ್‌ನಲ್ಲಿ ಭೇಟಿಯಾಗಿ, 2030ರೊಳಗೆ ಎರಡು ದೇಶಗಳ ವ್ಯಾಪಾರವನ್ನು 500 ಶತಕೋಟಿ ಡಾಲರಿಗೆ ಏರಿಸುವ ಗುರಿ ಪ್ರಕಟಿಸಿದರು. ನಾನು ಅದನ್ನು ಭರವಸೆ ಎಂದೇ ಓದಿಕೊಂಡೆ. ಏಪ್ರಿಲ್ 2ರಂದು ಭಾರತದ ಮೇಲೆ ಶೇ. 26ರ ಸುಂಕ ಘೋಷಣೆಯಾಗಿ, ವಾರದೊಳಗೆ ಅದಕ್ಕೆ 90 ದಿನಗಳ ತಡೆ ಬಿದ್ದಾಗ, ಸ್ನೇಹ ಕೆಲಸ ಮಾಡಿತು ಎಂದುಕೊಂಡೆ. ಆ ನಂಬಿಕೆಯಲ್ಲೇ ದೀಪಾವಳಿ ಮತ್ತು ಕ್ರಿಸ್‌ಮಸ್‌ನ ಆರ್ಡರುಗಳನ್ನು ಹಿಡಿದು, ಮನೆಬಾಗಿಲಿಗೆ ತಲುಪುವವರೆಗಿನ ಖರ್ಚೆಲ್ಲ ನಮ್ಮದೇ ಎಂದು ಬರೆದುಕೊಟ್ಟೆ.

ಆಗಸ್ಟ್ 7ರಿಂದ ಶೇ. 25ರ ಸುಂಕ ಜಾರಿಗೆ ಬಂತು. ರಷ್ಯಾದ ತೈಲ ಕೊಂಡ ಕಾರಣಕ್ಕೆ 27ರಿಂದ ಇನ್ನೂ ಶೇ. 25 ಸೇರಿತು. ಬೀದರಿನ ಹೂದಾನಿಗೂ ರಷ್ಯಾದ ಕಚ್ಚಾ ತೈಲಕ್ಕೂ ಏನು ಸಂಬಂಧವೆಂದು ಕಾರಿಗರರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸುಂಕ ವಸೂಲಿಯ ಹೊಣೆ ಯಾರದೆಂಬುದೇ ಸ್ಪಷ್ಟವಾಗದೆ ಭಾರತೀಯ ಅಂಚೆ ಅದೇ ಆಗಸ್ಟ್ 25ರಿಂದ ಅಮೆರಿಕದ ಪಾರ್ಸಲುಗಳನ್ನು ನಿಲ್ಲಿಸಿತ್ತು. 29ಕ್ಕೆ ಆ 800 ಡಾಲರಿನ ವಿನಾಯಿತಿಯೂ ಹೋಯಿತು. ಅಕ್ಟೋಬರ್ 15ರಂದು ಸೇವೆ ಮತ್ತೆ ಶುರುವಾದಾಗ ಸರಕಿನ ಘೋಷಿತ ಬೆಲೆಯ ಅರ್ಧದಷ್ಟು ಸುಂಕವನ್ನು ಬುಕಿಂಗ್ ವೇಳೆಯಲ್ಲೇ ಕಟ್ಟಬೇಕಿತ್ತು. ಕೊಟ್ಟ ಮಾತಿನಂತೆ ನಾನೇ ಕಟ್ಟಿದೆ. ಕಾರಿಗರರ ಕೂಲಿ ಮುರಿಯಲು ಮನಸ್ಸು ಒಪ್ಪಲಿಲ್ಲ. ಆ ವರ್ಷದ ಲಾಭದ ಜೊತೆಗೆ ಹಿಂದಿನ ಉಳಿತಾಯವೂ ಕರಗಿತು.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ಯಾರು ಯಾರನ್ನು ಅಪ್ಪಿಕೊಂಡರು ಎಂಬುದನ್ನು ನೋಡುತ್ತಿದ್ದ ನಾನು, ಯಾವ ಕಾನೂನಿನಡಿ ಸುಂಕ ಹೇರಲಾಯಿತು ಎಂಬುದನ್ನು ನೋಡಲಿಲ್ಲ. ಅಮೆರಿಕದ ಸಂವಿಧಾನದಲ್ಲಿ ಸುಂಕ ವಿಧಿಸುವ ಅಧಿಕಾರವಿರುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ. ಟ್ರಂಪ್ ಬಳಸಿದ್ದು 1977ರ ಆರ್ಥಿಕ ತುರ್ತು ಅಧಿಕಾರಗಳ ಕಾಯ್ದೆಯನ್ನು, ಅಂದರೆ ತುರ್ತು ಸ್ಥಿತಿ ಘೋಷಿಸಿ ಒಂದು ಆದೇಶಕ್ಕೆ ಸಹಿ ಹಾಕುವ ದಾರಿಯನ್ನು. ಹಾಗೆ ಬಂದ ಸುಂಕ ರಾತ್ರೋರಾತ್ರಿ ಏರಬಹುದಿತ್ತು, ರಾತ್ರೋರಾತ್ರಿ ಇಳಿಯಬಹುದಿತ್ತು. ಏಪ್ರಿಲ್‌ನ ಆದೇಶದಲ್ಲೇ ಆ ಕಾಯ್ದೆಯ ಹೆಸರಿತ್ತು. ಅಷ್ಟನ್ನಾದರೂ ಓದಿದ್ದರೆ ಆ 90 ದಿನಗಳ ತಡೆಯನ್ನು ನಾನು ಸ್ನೇಹವೆಂದು ನಂಬುತ್ತಿರಲಿಲ್ಲ, ಸುಂಕವನ್ನು ಮೈಮೇಲೆ ಎಳೆದುಕೊಳ್ಳುತ್ತಲೂ ಇರಲಿಲ್ಲ.

ಅಧ್ಯಕ್ಷರು ಬದಲಾದರೆ ಎಲ್ಲವೂ ಹಿಂದಿನಂತಾಗುತ್ತದೆ ಎಂಬ ನಿಮ್ಮ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಟ್ರಂಪ್ 2018ರಲ್ಲಿ ಚೀನಾದ ಮೇಲೆ ಹಾಕಿದ ಸುಂಕಗಳನ್ನು ಬೈಡನ್ ಉಳಿಸಿಕೊಂಡರು. 2024ರಲ್ಲಿ ಚೀನಾದ ವಿದ್ಯುತ್ ಕಾರುಗಳ ಸುಂಕವನ್ನು ಶೇ. 100ಕ್ಕೆ ಏರಿಸಿದರು. 2019ರ ಜೂನ್‌ನಲ್ಲಿ ಭಾರತ ಕಳೆದುಕೊಂಡ ಆದ್ಯತಾ ಸುಂಕದ ರಿಯಾಯಿತಿ, ಅಂದರೆ ಅಭಿವೃದ್ಧಿಶೀಲ ದೇಶಗಳ ಕೆಲವು ಸರಕುಗಳಿಗೆ ಸುಂಕವಿಲ್ಲದ ಪ್ರವೇಶ, ಬೈಡನ್ ಅವರ ನಾಲ್ಕು ವರ್ಷಗಳಲ್ಲಿಯೂ ಮರಳಲಿಲ್ಲ. 1947ರಲ್ಲಿ ಜಿನೀವಾದಲ್ಲಿ 23 ದೇಶಗಳನ್ನು ಕೂರಿಸಿ ಜಾಗತಿಕ ವ್ಯಾಪಾರದ ಕಟ್ಟುಪಾಡು ಬರೆಸುವಾಗ ಮುಂದೆ ನಿಂತದ್ದು ಅಮೆರಿಕವೇ. ಆ ಕಟ್ಟುಪಾಡಿನ ಮುಂದಿನ ರೂಪವಾದ ವಿಶ್ವ ವ್ಯಾಪಾರ ಸಂಘಟನೆಯಲ್ಲಿ ದೇಶಗಳ ವ್ಯಾಪಾರ ವ್ಯಾಜ್ಯಗಳಿಗೆ ಕೊನೆಯ ತೀರ್ಪು ಕೊಡುವ ಮೇಲ್ಮನವಿ ಪೀಠಕ್ಕೆ ಒಬ್ಬ ಸದಸ್ಯರ ಮರುನೇಮಕವನ್ನು 2016ರಲ್ಲಿ ಒಬಾಮ ಸರ್ಕಾರ ತಡೆಯಿತು, ಟ್ರಂಪ್ ಸರ್ಕಾರ ಎಲ್ಲ ನೇಮಕಗಳನ್ನೂ ತಡೆದು 2019ರ ಡಿಸೆಂಬರ್‌ನಲ್ಲಿ ಪೀಠವೇ ನಿಷ್ಕ್ರಿಯವಾಯಿತು, ಬೈಡನ್ ಸರ್ಕಾರವೂ ಆ ತಡೆಯನ್ನು ತೆರವು ಮಾಡಲಿಲ್ಲ. ಇದು ನನ್ನನ್ನು ತುಂಬ ನೋಯಿಸುತ್ತದೆ. ದೊಡ್ಡ ಕಂಪನಿಗಳು ವಾಷಿಂಗ್ಟನ್‌ಗೆ ಹೋಗಿ ಮಾತಾಡಿಕೊಳ್ಳುತ್ತವೆ. ಬೀದರಿನ ಕಾರಿಗರನಿಗೆ ಎಲ್ಲರಿಗೂ ಒಂದೇ ಎಂಬ ನಿಯಮವೊಂದೇ ಆಸರೆ. ಅಮೆರಿಕದ ನಾಯಕತ್ವ ಮುಗಿಯಿತು ಎನ್ನುವವರ ಮಾತನ್ನೂ ನಾನು ನಂಬುವುದಿಲ್ಲ. ಒಂದು ಸಹಿಯಿಂದ ನಮ್ಮ ಓಣಿಯ ಕೆಲಸ ನಿಲ್ಲಿಸಬಲ್ಲ ದೇಶದ ಬಲ ಕುಂದಿಲ್ಲ. ತಾನೇ ಬರೆಸಿದ ನಿಯಮಕ್ಕೆ ತಾನೂ ತಲೆಬಾಗುವ ಮನಸ್ಸನ್ನು ಅದು ಕಳೆದುಕೊಂಡಿದೆ.

ನಿಮಗೆ ನೇರವಾಗಿ ತಟ್ಟುವ ಸಂಗತಿಯೊಂದಿದೆ. ಟ್ರಂಪ್ ಅವರ ಸುಂಕಕ್ಕೆ ಆ ಕಾಯ್ದೆಯಲ್ಲಿ ಅಧಿಕಾರವಿಲ್ಲವೆಂದು 2025ರ ಮೇನಲ್ಲಿ ಅಲ್ಲಿನ ವ್ಯಾಪಾರ ನ್ಯಾಯಾಲಯವೂ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಹೇಳಿದವು. ಸಣ್ಣ ಪಾರ್ಸಲಿನ ವಿನಾಯಿತಿಯ ಕಥೆ ಬೇರೆ. 2025ರ ಆಗಸ್ಟ್‌ನಲ್ಲಿ ಅದು ಹೋದದ್ದು ಟ್ರಂಪ್ ಆದೇಶದಿಂದ, ಆದರೆ ಅದನ್ನು 2027ರ ಜುಲೈ 1ರಿಂದ ಶಾಶ್ವತವಾಗಿ ರದ್ದುಪಡಿಸುವ ಕಾನೂನನ್ನು ಕಾಂಗ್ರೆಸ್ಸೇ ಮಾಡಿದ್ದು, 2025ರ ಜುಲೈ 4ರಂದು ಅದಕ್ಕೆ ಸಹಿಯೂ ಬಿದ್ದಿದೆ. ಹೊಸ ಅಧ್ಯಕ್ಷರ ಆದೇಶದಿಂದ ಅದು ಮರಳುವುದಿಲ್ಲ, ಹೊಸ ಕಾನೂನೇ ಬೇಕು.

ಆದ್ದರಿಂದ ಎಲ್ಲ ಖರ್ಚು ಸೇರಿಸಿದ ಬೆಲೆ ಹೇಳುವುದನ್ನು ಇಂದೇ ನಿಲ್ಲಿಸಿ, ತಲುಪುವ ದಿನದ ಸುಂಕ ಕೊಳ್ಳುವವರದೆಂದು ಆರ್ಡರಿನಲ್ಲೇ ಬರೆಯಿರಿ. ಕೆಲವು ಗಿರಾಕಿಗಳು ಬಿಟ್ಟುಹೋಗುತ್ತಾರೆ, ನನ್ನವರೂ ಹೋದರು. ಬೇರೆ ಮಾರುಕಟ್ಟೆಯನ್ನೂ ಹುಡುಕಿ. ದುಬೈ ಸೇರಿರುವ ಯುಎಇಯೊಂದಿಗಿನ ಭಾರತದ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ಅದರ ರಿಯಾಯಿತಿ ಸಿಗಲು ಸರಕು ಭಾರತದ್ದೇ ಎಂಬ ಮೂಲ ಪ್ರಮಾಣಪತ್ರ ಬೇಕು. ನಮ್ಮ ಕಡೆಯ ಎಷ್ಟೋ ಜನ ದುಬೈಯಲ್ಲಿದ್ದಾರೆ. ಮೊದಲ ಆರ್ಡರುಗಳನ್ನು ನಾನು ಅವರಿಂದಲೇ ಪಡೆದೆ, ನೀವೂ ಅಲ್ಲಿಂದಲೇ ಶುರುಮಾಡಿ.