ಆನ್‌ಲೈನಿಗೆ ಹೆದರಬೇಡಿ, ಪೆನ್‌ಡ್ರೈವಿಗೆ ಹೆದರಿ

ಕುಮಟಾದ ಮದುವೆಯ 1200 ಫೋಟೋ ಆನ್‌ಲೈನಿನಲ್ಲಿ ಹಂಚಿದರೆ ವೈರಸ್ ಬರ್ತದಾ, ಪೆನ್‌ಡ್ರೈವಿಗೆ ಹಾಕಿ ಕೊಡೋದೇ ಕ್ಷೇಮವಾ ಅಂತ ಕೇಳಿದ್ದೀರಿ. ಉಲ್ಟಾ ಮಾರಾಯ್ರೇ! ನಾನು ಕೆಟ್ಟದ್ದೇ ಪೆನ್‌ಡ್ರೈವಿನಿಂದ.

ನಮ್ಮದು ಶಿರಸಿ ಪೇಟೆಯಿಂದ ಸಾಕಷ್ಟು ಒಳಗೆ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗ್ತದೆ. ಅಣ್ಣನ ಮಗನ ಉಪನಯನದ ಫೋಟೋಗಳನ್ನು 16 ಜಿಬಿ ಪೆನ್‌ಡ್ರೈವಿಗೆ ತುಂಬಿಕೊಂಡು (ಕಾಪಿ ಅಲ್ಲ, ಕಟ್ ಮಾಡಿ, ಕ್ಯಾಮೆರಾದ ಕಾರ್ಡೂ ಖಾಲಿ) ಪೇಟೆಯ ಒಂದು ಝೆರಾಕ್ಸ್ ಅಂಗಡಿಯಲ್ಲಿ ಅಪ್‌ಲೋಡ್ ಮಾಡುವ ಅಂತ ಹೋದೆ. ಊರವರೆಲ್ಲರ ಪೆನ್‌ಡ್ರೈವ್ ಚುಚ್ಚಿಸಿಕೊಂಡ ಕಂಪ್ಯೂಟರ್ ಅದು. ಅಪ್‌ಲೋಡೂ ಆಗಲಿಲ್ಲ. ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಫೋಲ್ಡರ್ ಇದ್ದಲ್ಲೆಲ್ಲ ಶಾರ್ಟ್‌ಕಟ್‌ಗಳು, ಒಂದೊಂದೂ 2 ಕೆಬಿ. ಒತ್ತಿದರೆ ಏನೂ ತೆರೆಯಲಿಲ್ಲ. ಫೋಟೋ ಹೋಯ್ತು, ವೈರಸ್ಸಾದರೂ ಸಾಯಲಿ ಅಂತ ಫಾರ್ಮ್ಯಾಟ್ ಹೊಡೆದೆ.

ಇಲ್ಲೇ ಎಡವಿದ್ದು. ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ಫೋಟೋ ಅಳಿಸುವುದಿಲ್ಲ, ಅಡಗಿಸುತ್ತದೆ. ನಿಮ್ಮ ಫೋಲ್ಡರಿಗೆ 'ಹಿಡನ್', 'ಸಿಸ್ಟಮ್' ಎಂಬ ಎರಡು ಗುರುತು ಹಚ್ಚಿ, ಕೆಲವೊಮ್ಮೆ ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿಗೆ ತಳ್ಳಿ, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ಅದನ್ನು ಒತ್ತಿದರೆ ಮೊದಲು ವೈರಸ್ಸಿನ ಸ್ಕ್ರಿಪ್ಟ್ ಓಡುತ್ತದೆ, ಬೆನ್ನಿಗೇ ನಿಜವಾದ ಫೋಲ್ಡರೂ ತೆರೆಯುತ್ತದೆ. ಫೋಟೋ ಕಂಡಮೇಲೆ ಸಂಶಯ ಯಾರಿಗೆ? ನನ್ನಲ್ಲಿ ಆಂಟಿವೈರಸ್ ಆ ಸ್ಕ್ರಿಪ್ಟನ್ನು ಆಗಲೇ ಕಿತ್ತುಹಾಕಿತ್ತು, ಹಾಗಾಗಿ ಶಾರ್ಟ್‌ಕಟ್ ಸತ್ತಿತ್ತು. ಪೆನ್‌ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದ್ದರೆ ಸಾಕಿತ್ತು: ಕಾಣುವುದು ನಾಲ್ಕು ಶಾರ್ಟ್‌ಕಟ್, ತುಂಬಿರುವುದು 11 ಜಿಬಿ ಅಂದರೆ ಫೋಟೋ ಒಳಗೇ ಇದೆ ಅಂತ. ಎಕ್ಸ್‌ಪ್ಲೋರರಿನ ಆಪ್ಶನ್ಸ್‌ನಲ್ಲಿ ವ್ಯೂ ಟ್ಯಾಬಿಗೆ ಹೋಗಿ ಹಿಡನ್ ಫೈಲ್ಸ್ ತೋರಿಸು ಅನ್ನಬೇಕು, 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಟಿಕ್ ತೆಗೆಯಬೇಕು. ಈ ಎರಡನೆಯದನ್ನು ಬಿಟ್ಟರೆ ಸಿಸ್ಟಮ್ ಗುರುತಿನ ಫೋಲ್ಡರ್ ಕಾಣುವುದೇ ಇಲ್ಲ.

ಕ್ವಿಕ್ ಫಾರ್ಮ್ಯಾಟ್ ಆದಮೇಲೂ ಫೋಟೋರೆಕ್, ರಿಕುವಾದಂಥ, ಅಳಿದ ಫೈಲ್ ಹುಡುಕಿ ತೆಗೆಯುವ ತಂತ್ರಾಂಶಗಳು ಬಹಳಷ್ಟನ್ನು ಎತ್ತಿಕೊಡುತ್ತವೆ, ಅದರ ಮೇಲೆ ಬೇರೇನೂ ಬರೆಯದಿದ್ದರೆ. ನಾನೋ, ಅದೇ ಸಂಜೆ ತಾಳಮದ್ದಲೆಯ ವಿಡಿಯೋ ತುಂಬಿಸಿದೆ. ಮಾಣಿಯ ಉಪನಯನದ್ದು ಅಂತ ಈಗ ಉಳಿದದ್ದು ವಾಟ್ಸಾಪಿನಲ್ಲಿ ಹೋದ ನಲವತ್ತು ಚಿತ್ರ. ಉದ್ದನೆಯ ಬದಿ 1600 ಪಿಕ್ಸೆಲ್ಲಿನವು, ಆಲ್ಬಮ್ ಪುಟಕ್ಕೆ ಹಿಗ್ಗಿಸಿದರೆ ಮಸುಕು.

ಇನ್ನು ಫೋಟೋದಲ್ಲೇ ವೈರಸ್? ಜೆಪಿಜಿ ತಾನಾಗಿ ಓಡುವ ಫೈಲಲ್ಲ. ಅದನ್ನು ಬಿಡಿಸಿ ತೋರಿಸುವ ತಂತ್ರಾಂಶದಲ್ಲಿ ತೂತಿದ್ದರೆ ಮಾತ್ರ ಅಪಾಯ. 2004ರಲ್ಲಿ ವಿಂಡೋಸಿನ ಜೆಪಿಜಿ ಬಿಡಿಸುವ ಭಾಗದಲ್ಲಿ, 2023ರ ಸೆಪ್ಟೆಂಬರಿನಲ್ಲಿ ವೆಬ್‌ಪಿ ಎಂಬ ಬಗೆಯ ಚಿತ್ರ ಬಿಡಿಸಲು ಕ್ರೋಮ್ ಬಳಸುವ ತಂತ್ರಾಂಶದಲ್ಲಿ ಅಂಥ ತೂತು ಸಿಕ್ಕಿತ್ತು. ಅಪ್‌ಡೇಟ್ ಹಾಕಿಕೊಂಡವರಿಗೆ ಚಿಂತೆಯಿಲ್ಲ. ನಿಜವಾದ ಮೋಸ ಹೆಸರಿನದು. 2001ರ ಅನ್ನಾ ಕುರ್ನಿಕೋವಾ ವೈರಸ್ ಬಂದದ್ದು ಟೆನಿಸ್ ಆಟಗಾರ್ತಿಯ ಚಿತ್ರವೆಂಬಂತೆ: ಹೆಸರಿನ ಕೊನೆಗೆ .ಜೆಪಿಜಿ.ವಿಬಿಎಸ್. ವಿಬಿಎಸ್ ಅಂದರೆ ಚಿತ್ರವಲ್ಲ, ಒತ್ತಿದರೆ ಓಡುವ ಸ್ಕ್ರಿಪ್ಟ್. ನಾವು ಬದಲಿಸದಿದ್ದರೆ ವಿಂಡೋಸ್ ಆ ಕೊನೆಯ ತುಂಡನ್ನು ಮುಚ್ಚಿಡುತ್ತದೆ. ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಒತ್ತಿ, ಪೂರ್ತಿ ಹೆಸರು ಕಾಣುತ್ತದೆ. ಮೊಬೈಲಿನಲ್ಲಿ ಇದೇ ಆಟ 'ಮದುವೆ ಕರೆಯೋಲೆ.ಎಪಿಕೆ' ಅಂತ ನಡೀತಿದೆ. ಅದು ಫೋಟೋ ಅಲ್ಲ, ಆ್ಯಪ್. ಹಾಕಿಕೊಂಡು ಎಸ್ಸೆಮ್ಮೆಸ್ ಓದುವ ಅನುಮತಿ ಕೊಟ್ಟರೆ ಒಟಿಪಿ ಅವರ ಕೈಗೆ. ಆಗಲೇ ಹಾಕಿಕೊಂಡಿದ್ದರೆ ಡೇಟಾ ಆಫ್ ಮಾಡಿ, ಬೇರೆ ಫೋನಿನಿಂದ ಬ್ಯಾಂಕಿಗೂ, ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಹೇಳಿ.

ನೀವು ಗೂಗಲ್ ಫೋಟೋಸಿನಲ್ಲಿ ಆಲ್ಬಮ್ ಮಾಡಿ ಲಿಂಕ್ ಕಳಿಸಿ. ತಲಾ 5 ಎಂಬಿಯಂತೆ 1200 ಫೋಟೋ ಅಂದರೆ 6 ಜಿಬಿ. ಪುಕ್ಕಟೆ ಸಿಗುವ 15 ಜಿಬಿಯಲ್ಲಿ ಜಿಮೇಲ್ ತಿಂದದ್ದು ಬಿಟ್ಟರೂ ಹೆಚ್ಚಾಗಿ ಹಿಡಿಯುತ್ತದೆ. ನೆಂಟರು ಬ್ರೌಸರಿನಲ್ಲೇ ನೋಡುತ್ತಾರೆ, ಫೈಲ್ ಒತ್ತುವ ಪ್ರಶ್ನೆಯೇ ಇಲ್ಲ. ಜಿಪ್ ಮಾಡಿ ಮಾತ್ರ ಕಳಿಸಬೇಡಿ, ಒಳಗೇನಿದೆ ಅಂತ ನೋಡದೆ ತೆರೆಯುವ ಚಟ ಅದರಿಂದಲೇ ಹತ್ತುವುದು. ಆಲ್ಬಮ್ಮಿನ ಆಯ್ಕೆಗಳಲ್ಲಿ ಸ್ಥಳ ತೋರಿಸುವುದನ್ನು ಆಫ್ ಮಾಡಿ. ಮನೆಯ ಜಿಪಿಎಸ್ ನೆಂಟರ ನೆಂಟರಿಗೆಲ್ಲ ಯಾಕೆ?

ಅಂಗಡಿಯಲ್ಲಿ ಪ್ರಿಂಟ್ ಹಾಕಿಸಲೇಬೇಕು ಅಂದರೆ ಪೆನ್‌ಡ್ರೈವ್ ಬೇಡ. ದೊಡ್ಡ ಎಸ್‌ಡಿ ಕಾರ್ಡಿನ ಬದಿಯಲ್ಲಿ ಪುಟ್ಟ ಲಾಕ್ ಗುಂಡಿ ಇರುತ್ತದೆ, ಕೆಳಗೆ ಜಾರಿಸಿ ಕೊಡಿ. ಹೆಚ್ಚಿನ ರೀಡರುಗಳು ಆಗ ಕಾರ್ಡಿನ ಮೇಲೆ ಬರೆಯಲು ಬಿಡುವುದಿಲ್ಲ. ಮೈಕ್ರೋ ಕಾರ್ಡಿಗೆ ಗುಂಡಿಯಿಲ್ಲ, ಅದರ ಅಡಾಪ್ಟರಿಗೆ ಇದೆ.