ಕೈಗೆ ಬಾರದೆ ಉಳಿದ ಪಾಠ

2019ರಲ್ಲಿ ಸಿವಿಲ್ ಎಂಜಿನಿಯರಿಂಗ್ ಸೇರಿ 2023ರಲ್ಲಿ ಮುಗಿಸಿದ ಓದುಗರೊಬ್ಬರು ಬರೆದಿದ್ದಾರೆ: ‘ಲ್ಯಾಬ್ ಅಂಕಗಳೆಲ್ಲ ಚೆನ್ನಾಗಿಯೇ ಇವೆ. ಆದರೆ ಸೈಟಿನಲ್ಲಿ, ಹಸಿ ಕಾಂಕ್ರೀಟು ಎಷ್ಟು ಗಟ್ಟಿ, ಎಷ್ಟು ತೆಳು ಎಂದು ನೋಡುವ ಸ್ಲಂಪ್ ಪರೀಕ್ಷೆ ಮಾಡಲು ಹೋದಾಗ ಕೈ ನಡುಗಿತು. ಮೇಸ್ತ್ರಿ ಬಂದು ತೋರಿಸಿಕೊಟ್ಟರು. ನಮ್ಮನ್ನು ಕೊರೊನಾ ಬ್ಯಾಚ್ ಎನ್ನುತ್ತಾರೆ. ಈ ಕೊರತೆಯನ್ನು ಈಗ ತುಂಬಿಕೊಳ್ಳಬಹುದೇ?’

ಪ್ರಿಯ ಓದುಗರೇ,

ಖಂಡಿತ ತುಂಬಿಕೊಳ್ಳಬಹುದು. ಆದರೆ ತಪ್ಪಿಹೋದದ್ದು ಯಾವುದು ಎಂಬುದು ಮೊದಲು ಸ್ಪಷ್ಟವಾಗಬೇಕು. ನೀವು ಎರಡನೆಯ ಸೆಮಿಸ್ಟರಿನಲ್ಲಿದ್ದಾಗ, ಮಾರ್ಚ್ 2020ರಲ್ಲಿ ಲಾಕ್‌ಡೌನ್ ಬಂತು. ನವೆಂಬರಿನಲ್ಲಿ ರಾಜ್ಯದ ಕಾಲೇಜುಗಳು ಬಾಗಿಲು ತೆರೆದವು. ಮರುವರ್ಷ ಏಪ್ರಿಲಿನಲ್ಲಿ ಎರಡನೇ ಅಲೆ ಮತ್ತೆ ಮುಚ್ಚಿಸಿತು. ಸರ್ವೆ, ಸಾಮಗ್ರಿ ಪರೀಕ್ಷೆ, ಕಾಂಕ್ರೀಟು ಎಂದು ಸಿವಿಲ್ ಓದುವವರ ಕೈ ಪಳಗುವ ಕಾಲವೇ ಅದು. ಬೀಮಿನ ಲೆಕ್ಕವನ್ನು ಪರದೆಯ ಮೇಲೆ ಕಲಿಯಬಹುದಿತ್ತು. 2003ರಲ್ಲಿ ಶುರುವಾದ, ಐಐಟಿಗಳ ಆನ್‌ಲೈನ್ ಪಾಠಮಾಲೆಯಾದ ಎನ್‌ಪಿಟಿಇಎಲ್‌ನ ಪಾಠಗಳನ್ನು ನೋಡಿ ಎಷ್ಟೋ ಮಕ್ಕಳು ಊರಿನ ಜಗಲಿಯಲ್ಲಿ, ಸಿಗ್ನಲ್ ಸಿಕ್ಕ ಕಡೆ ಕುಳಿತು ಕಲಿತರು ಕೂಡ.

ಸ್ಲಂಪ್ ಹಾಗಲ್ಲ. 300 ಮಿಲಿಮೀಟರ್ ಎತ್ತರದ ಶಂಕುವಿಗೆ ಪದರ ಪದರವಾಗಿ ಕಾಂಕ್ರೀಟು ತುಂಬಿ, ಪ್ರತಿ ಪದರವನ್ನೂ ಸರಳಿನಿಂದ 25 ಬಾರಿ ಕುಟ್ಟಿ, ಶಂಕುವನ್ನು ನೇರವಾಗಿ ಮೇಲಕ್ಕೆತ್ತಬೇಕು. ಇಷ್ಟನ್ನು ವಿಡಿಯೊ ಹೇಳುತ್ತದೆ. ಎತ್ತುವಾಗ ತುಸು ವಾಲಿದರೂ ರಾಶಿ ಒಂದು ಕಡೆಗೆ ಜರುಗುತ್ತದೆಯಲ್ಲ, ಆ ಹದವನ್ನು ಕೈಯೇ ಕಲಿಯಬೇಕು. ಸುರತ್ಕಲ್ಲಿನ ಎನ್‌ಐಟಿಕೆಯೂ ಪಾಲುಗೊಂಡಿರುವ, ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡಲು ಬಿಡುವ ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಯೋಜನೆಯ ಬಗ್ಗೆ ನನಗೆ ಗೌರವವಿದೆ. ಲ್ಯಾಬಿಗೆ ಹೋಗುವ ಹಿಂದಿನ ದಿನ ಅದನ್ನು ನೋಡಿದರೆ ಬಹಳ ಉಪಯೋಗ. ಪರದೆಯನ್ನೇ ಲ್ಯಾಬ್ ಎಂದುಕೊಂಡು, ರೆಕಾರ್ಡ್ ಪುಸ್ತಕ ಬರೆಸಿ ಅಂಕ ಕೊಟ್ಟ ಕಡೆಗಳಲ್ಲಿ ಅನ್ಯಾಯವಾಯಿತು. ಅಂಕ ಬಂದದ್ದರಿಂದ ಕೊರತೆ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಅದರ ಹೊಣೆ ನಿಮ್ಮದಲ್ಲ. ಬ್ಯಾಚಿನ ಹೆಸರು ಹಿಡಿದು ಹಂಗಿಸುವುದನ್ನು ಕೇಳಿದರೆ ನನಗೆ ಸಂಕಟವಾಗುತ್ತದೆ.

ಕಾಲೇಜುಗಳು ಈಗಲೂ ಒಂದು ಕೆಲಸ ಮಾಡಬಹುದು. ರಜೆಯಲ್ಲಿ ಎರಡು ವಾರ ಲ್ಯಾಬ್ ತೆರೆದಿಟ್ಟು ಆ ವರ್ಷಗಳ ವಿದ್ಯಾರ್ಥಿಗಳನ್ನು ಕರೆಯಲಿ. ಪರೀಕ್ಷೆ ಬೇಡ, ಅಂಕ ಬೇಡ; ನಾಲ್ವರಿಗೊಂದು ಉಪಕರಣ, ಪಕ್ಕದಲ್ಲಿ ಅನುಭವಿ ಬೋಧಕರು ಇದ್ದರೆ ಸಾಕು. ಮುಂದೆ ನೆರೆಯೋ ಸಾಂಕ್ರಾಮಿಕವೋ ಬಂದು ತರಗತಿ ನಿಂತರೆ, ಮಾಡದ ಪ್ರಯೋಗವನ್ನು ಬಾಕಿ ಎಂದೇ ಬರೆದಿಡಲಿ, ಬಾಗಿಲು ತೆರೆದ ಮೇಲೆ ಮಾಡಿಸಲಿ.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಆ ಮೇಸ್ತ್ರಿಯವರನ್ನು ಬಿಡಬೇಡಿ. ಸೈಟಿಗೆ ಕಾಂಕ್ರೀಟು ಬಂದಾಗಲೆಲ್ಲ ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸ್ಲಂಪನ್ನು ನೀವೇ ತೆಗೆಯಿರಿ. ಕಾಂಕ್ರೀಟಿನ ಬಲ ನೋಡುವ 150 ಮಿಲಿಮೀಟರಿನ ಕ್ಯೂಬ್‌ಗಳನ್ನು ನೀವೇ ತುಂಬಿ, ನೀರಿನಲ್ಲಿಟ್ಟು, 28ನೇ ದಿನ ಯಂತ್ರದಲ್ಲಿ ಒತ್ತಿ ಒಡೆಯುವ ಮೊದಲು ಎಷ್ಟು ಬಲ ಬರಬಹುದೆಂದು ಊಹಿಸಿ ಬರೆದಿಡಿ. ಬಿಡುವಿದ್ದಾಗ, ನೆಲದ ಏರುತಗ್ಗು ಅಳೆಯುವ ಆಟೊ ಲೆವೆಲ್ ಉಪಕರಣ ಹಿಡಿದು, ಮಟ್ಟ ಗೊತ್ತಿರುವ ಒಂದು ಬಿಂದುವಿನಿಂದ ಹೊರಟು ಸೈಟನ್ನು ಸುತ್ತಿ ಅದೇ ಬಿಂದುವಿಗೆ ಮರಳಿ. ಹೊರಟಾಗಿನ ಮಟ್ಟಕ್ಕೂ ಮರಳಿದಾಗ ಬಂದ ಮಟ್ಟಕ್ಕೂ ಇರುವ ವ್ಯತ್ಯಾಸವೇ ನಿಮ್ಮ ತಪ್ಪನ್ನು ತೋರಿಸುತ್ತದೆ. ತಿದ್ದಲು ಮೇಷ್ಟ್ರು ಎದುರಿಗಿರಬೇಕಿಲ್ಲ. ಮೊದಲ ಸುತ್ತಿನಲ್ಲಿ ಎಷ್ಟು ಮಿಲಿಮೀಟರ್ ಬಂತು, ಹತ್ತನೆಯ ಸುತ್ತಿನಲ್ಲಿ ಎಷ್ಟು ಉಳಿಯಿತು ಎಂದು ನಮಗೆ ಬರೆಯಿರಿ.

ಸಂಪಾದಕ