ಪೆನ್‌ಡ್ರೈವ್‌ನಲ್ಲಿ ಏನಿರಲಿ, ಏನು ಬೇಡ?

ಈ ಸಲ ಪೋರ್ಟಬಲ್ ತಂತ್ರಾಂಶಗಳ, ಎಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸುವ ತಂತ್ರಾಂಶಗಳ ಬಗ್ಗೆಯೇ ಜಾಸ್ತಿ ಪತ್ರ ಬಂದಿವೆ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಸರ್, ನಾನು ಅತಿಥಿ ಉಪನ್ಯಾಸಕಿ, ಎರಡು ಕಾಲೇಜಿಗೆ ಹೋಗುತ್ತೇನೆ. ಲ್ಯಾಬ್ ಕಂಪ್ಯೂಟರ್‌ನಲ್ಲಿ ಏನು ಇನ್‌ಸ್ಟಾಲ್ ಮಾಡಲು ಹೋದರೂ ಪಾಸ್‌ವರ್ಡ್ ಕೇಳುತ್ತದೆ. ಒಂದು ಕಡೆ ವರ್ಡ್ ಇದೆ, ಇನ್ನೊಂದು ಕಡೆ ಅದೂ ಇಲ್ಲ. ಪೆನ್‌ಡ್ರೈವ್‌ನಲ್ಲೇ ತಂತ್ರಾಂಶ ಇಟ್ಟುಕೊಂಡು ಓಡಿಸಬಹುದಂತೆ. ಯಾವುದನ್ನು ಇಟ್ಟುಕೊಳ್ಳಲಿ?
— ತೀರ್ಥಹಳ್ಳಿಯ ಓದುಗರು

ಮೇಡಂ, ಓಡಿಸಬಹುದು. ಪೋರ್ಟಬಲ್ ತಂತ್ರಾಂಶ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ತನ್ನ ಫೋಲ್ಡರ್‌ನಲ್ಲೇ ಇಟ್ಟುಕೊಳ್ಳುತ್ತದೆ, ಆ ಕಂಪ್ಯೂಟರಿನ ವಿಂಡೋಸ್ ಒಳಗೆ ಹರಡುವುದಿಲ್ಲ. ಅದಕ್ಕೇ ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ. 2004ರಲ್ಲಿ ಜಾನ್ ಹಾಲರ್ ಎಂಬವರು ಫೈರ್‌ಫಾಕ್ಸನ್ನು ಹೀಗೆ ಪೆನ್‌ಡ್ರೈವ್‌ನಿಂದ ಓಡುವ ಹಾಗೆ ಮಾಡಿದರು. ಅದೇ ಬೆಳೆದು ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್ ಆಯಿತು. ಅಲ್ಲಿಂದ ಅವರ ಮೆನು (ತಂತ್ರಾಂಶಗಳನ್ನು ಒಂದೇ ಕಡೆ ಪಟ್ಟಿ ಮಾಡಿ ತೆರೆಯುವ ತಂತ್ರಾಂಶ) ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿ, ಆಮೇಲೆ ಬೇಕಾದ ತಂತ್ರಾಂಶಗಳನ್ನು ಆ ಮೆನುವಿನಿಂದಲೇ ಸೇರಿಸಬಹುದು. ಅಪ್‌ಡೇಟ್ ಬಂದರೆ ಅದೇ ಹೇಳುತ್ತದೆ.

ನಿಮಗೆ ಬೇಕಿರುವುದು ನಾಲ್ಕೇ ನಾಲ್ಕು. ಬರೆಯಲು ಮತ್ತು ಸ್ಲೈಡ್ ತೋರಿಸಲು ಲಿಬ್ರೆಆಫೀಸ್. ಪಿಡಿಎಫ್‌ಗೆ ಸುಮಾತ್ರಾ: ಪುಟ್ಟ ತಂತ್ರಾಂಶ, ಹಳೇ ಕಂಪ್ಯೂಟರ್‌ನಲ್ಲೂ ಕ್ಲಿಕ್ ಮಾಡಿದ ತಕ್ಷಣ ತೆರೆಯುತ್ತದೆ. ವಿಡಿಯೊಗೆ ವಿಎಲ್‌ಸಿ, ಯಾಕೆಂದರೆ ಅದು ತನಗೆ ಬೇಕಾದ ಕೋಡೆಕ್‌ಗಳನ್ನೆಲ್ಲ (ಬೇರೆಬೇರೆ ಬಗೆಯ ವಿಡಿಯೊ ಬಿಚ್ಚಿ ತೋರಿಸುವ ತುಣುಕುಗಳು) ತಾನೇ ಹೊತ್ತು ತರುತ್ತದೆ, ‘ಈ ಫೈಲ್ ಪ್ಲೇ ಆಗಲ್ಲ’ ಎಂದು ಮಕ್ಕಳ ಮುಂದೆ ಮುಜುಗರ ಆಗುವುದು ತಪ್ಪುತ್ತದೆ. ಜಿಪ್ ಬಿಚ್ಚಲು ಸೆವೆನ್‌ಜಿಪ್. ಮೂವತ್ತು ನಲವತ್ತು ತಂತ್ರಾಂಶಗಳ ಪಟ್ಟಿ ಹಾಕಿ ‘ಇವೆಲ್ಲ ಇರಲೇಬೇಕು’ ಎನ್ನುವವರ ಮಾತು ಕೇಳಬೇಡಿ. ಸುಮ್ನೆ ಜಾಗ ತಿನ್ನುತ್ತವೆ ಅಷ್ಟೆ.

ಪೆನ್‌ಡ್ರೈವ್ ಮಾತ್ರ ಸ್ವಲ್ಪ ನೋಡಿ ತಗೊಳ್ಳಿ. ಅಗ್ಗದ ಯುಎಸ್‌ಬಿ 2.0 ಡ್ರೈವ್‌ನಿಂದ ಲಿಬ್ರೆಆಫೀಸ್ ತೆರೆದರೆ, ಅದು ಏಳುವಷ್ಟರಲ್ಲಿ ನೀವು ಹಾಜರಿ ಕೂಗಿ ಮುಗಿಸಿರುತ್ತೀರಿ. ಸಾವಿರಾರು ಚಿಕ್ಕ ಚಿಕ್ಕ ಫೈಲ್ ಓದಬೇಕಲ್ವಾ, ಅದಕ್ಕೆ. 3.0 ತಗೊಂಡು ಕಂಪ್ಯೂಟರಿನ 3.0 ಕಿಂಡಿಗೇ ಸಿಕ್ಕಿಸಿ. ಸಾಮಾನ್ಯವಾಗಿ ಅದರ ಒಳಗೆ ನೀಲಿ ಬಣ್ಣ ಇರುತ್ತದೆ. ಇನ್ನು ಫಾರ್ಮ್ಯಾಟ್, ಎಂದರೆ ಪೆನ್‌ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿಯ ವಿಷಯ: ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಹಿಡಿಸುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ.

ಇನ್ನೊಂದು ವಿಷಯ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಪೋರ್ಟಬಲ್ ಎಂದರೆ ಗುಟ್ಟು ಎಂದಲ್ಲ. ನೀವು ಯಾವ ಪೆನ್‌ಡ್ರೈವ್ ಸಿಕ್ಕಿಸಿದಿರಿ ಎಂಬುದು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ (ಅದು ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಕಡತ) ದಾಖಲಾಗುತ್ತದೆ. ಆ ಕಂಪ್ಯೂಟರ್‌ನಲ್ಲಿ ಕೀಲಿ ಒತ್ತಿದ್ದನ್ನು ಕದಿಯುವ ತಂತ್ರಾಂಶ ಕೂತಿದ್ದರೆ, ನಿಮ್ಮ ಸ್ವಂತ ಫೈರ್‌ಫಾಕ್ಸ್‌ನಲ್ಲಿ ಹೊಡೆದ ಬ್ಯಾಂಕ್ ಪಾಸ್‌ವರ್ಡೂ ಅದಕ್ಕೆ ಸಿಗುತ್ತದೆ. ಹಾಗಾಗಿ ಬ್ಯಾಂಕ್ ಕೆಲಸ ಅಲ್ಲಿ ಬೇಡವೇ ಬೇಡ. ಕೆಲವು ಲ್ಯಾಬ್‌ಗಳಲ್ಲಿ ಹೊರಗಿನ ತಂತ್ರಾಂಶ ಓಡದಂತೆ ಕಟ್ಟಿಹಾಕಿರುತ್ತಾರೆ. ಅದನ್ನು ದಾಟುವ ಉಪಾಯ ಹುಡುಕಬೇಡಿ, ಲ್ಯಾಬ್ ನೋಡಿಕೊಳ್ಳುವವರನ್ನೇ ಕೇಳಿ.

ಪ್ರಶ್ನೆ: ಮನೆಯಲ್ಲಿ ನುಡಿ ತಂತ್ರಾಂಶದಲ್ಲಿ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಜೆರಾಕ್ಸ್ ಅಂಗಡಿಗೆ ಒಯ್ದರೆ ಅಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ. ನುಡಿಯನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಬಹುದೇ?
— ಹಾವೇರಿಯ ಶಿಕ್ಷಕರು

ಸರ್, ಪ್ರಿಂಟ್ ಮಾಡಿಸಲು ನುಡಿಯನ್ನು ಹೊತ್ತೊಯ್ಯಬೇಕಿಲ್ಲ. ನಿಮ್ಮ ಫೈಲ್ ಹಳೇ ನುಡಿ ಫಾಂಟ್‌ನಲ್ಲಿದೆ. ಅದರಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟ್ ಇಲ್ಲದ ಕಡೆ ಆ ಇಂಗ್ಲಿಷ್ ಅಕ್ಷರಗಳೇ ಹೊರಗೆ ಬರುತ್ತವೆ. ಹೊರಡುವ ಮುಂಚೆ ಮನೆಯಲ್ಲೇ ಪಿಡಿಎಫ್ ಮಾಡಿಕೊಳ್ಳಿ, ಫಾಂಟ್ ಅದರೊಳಗೇ ಸೇರಿಕೊಳ್ಳುತ್ತದೆ. ಪ್ರಿಂಟ್ ತೆಗೆಸಲು ಇಷ್ಟು ಸಾಕು.

ಅಂಗಡಿಯಲ್ಲೇ ಕೂತು ತಿದ್ದಬೇಕಾದರೆ ಮೇಲೆ ಹೇಳಿದ ಪೋರ್ಟಬಲ್‌ಆ್ಯಪ್ಸ್ ಮೆನುವಿನಲ್ಲಿ ಒಂದು ಒಳ್ಳೇ ಸೌಲಭ್ಯ ಇದೆ. ಪೆನ್‌ಡ್ರೈವ್‌ನ ಪೋರ್ಟಬಲ್‌ಆ್ಯಪ್ಸ್ ಫೋಲ್ಡರ್ ತೆರೆಯಿರಿ, ಅದರೊಳಗೆ ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್, ಅದರೊಳಗೆ ಡೇಟಾ, ಅಲ್ಲಿ ಫಾಂಟ್ಸ್ ಎಂಬ ಫೋಲ್ಡರ್‌ನಲ್ಲಿ ನುಡಿ ಫಾಂಟ್‌ಗಳನ್ನು ಹಾಕಿ, ಮೆನು ಮುಚ್ಚಿ ತೆರೆಯಿರಿ. ಮೆನು ಓಡುತ್ತಿರುವವರೆಗೆ ಪೆನ್‌ಡ್ರೈವ್‌ನ ಲಿಬ್ರೆಆಫೀಸ್‌ಗೆ ಆ ಫಾಂಟ್ ಸಿಗುತ್ತದೆ. ಅಂಗಡಿಯ ಕಂಪ್ಯೂಟರ್‌ಗೆ ಏನೂ ಸೇರಿಸಿದ ಹಾಗಾಗುವುದಿಲ್ಲ.

ಹೊಸದಾಗಿ ಮಾಡುವ ಪ್ರಶ್ನೆಪತ್ರಿಕೆಯನ್ನಾದರೂ ಯೂನಿಕೋಡ್‌ನಲ್ಲೇ (ಕನ್ನಡ ಅಕ್ಷರಗಳಿಗೆ ಅವುಗಳದೇ ಜಾಗ ಇರುವ ವ್ಯವಸ್ಥೆ) ಮಾಡಿ. ವಿಂಡೋಸ್ 8ರಿಂದ ನಿರ್ಮಲಾ ಯುಐ ಫಾಂಟ್ ಜೊತೆಗೇ ಬರುತ್ತದೆ, ಅದರಲ್ಲಿ ಕನ್ನಡ ಇದೆ. ಕಂಡವರ ಕಂಪ್ಯೂಟರ್‌ನಲ್ಲಿ ಕನ್ನಡ ಟೈಪ್ ಮಾಡಬೇಕು, ಇಂಟರ್‌ನೆಟ್ ಇದೆ ಎನ್ನುವುದಾದರೆ ಕನ್ನಡ ವಿಕಿಪೀಡಿಯದ ಹುಡುಕು ಪೆಟ್ಟಿಗೆಯ ಮೇಲೆ ಕ್ಲಿಕ್ ಮಾಡಿ. ಪುಟ್ಟ ಕೀಲಿಮಣೆಯ ಗುರುತು ಬರುತ್ತದೆ. ಅಲ್ಲಿ ಕಗಪ ವಿನ್ಯಾಸವೂ ಇದೆ, ಎಂದರೆ ಕನ್ನಡ ಕೀಲಿಮಣೆ ರೂಪಿಸಿದ ಕೆ.ಪಿ. ರಾವ್ ಅವರ ಅದೇ ನುಡಿ ಕೀಲಿಗಳು, ನಿಮ್ಮ ಬೆರಳಿಗೆ ರೂಢಿ ಇರುವಂಥದ್ದೇ. ಟೈಪ್ ಮಾಡಿ, ಕಾಪಿ ಮಾಡಿಕೊಂಡು ಬನ್ನಿ.

ಪ್ರಶ್ನೆ: ಸೈಬರ್ ಸೆಂಟರ್‌ಗೆ ಹೋಗಿ ಬಂದ ಮೇಲೆ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಹೋಗಿ ಬರೀ ಶಾರ್ಟ್‌ಕಟ್ ಇವೆ. ಫೋಟೋಗಳು ಹೋದವೇ?
— ಸಿಂಧನೂರು

ಬಹುಮಟ್ಟಿಗೆ ಹೋಗಿರುವುದಿಲ್ಲ. ಈ ವೈರಸ್ ನಿಮ್ಮ ಫೈಲ್‌ಗಳನ್ನು ಬಚ್ಚಿಟ್ಟು, ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ವಿಂಡೋಸ್ 7ರಿಂದ ಈಚೆಗೆ ಪೆನ್‌ಡ್ರೈವ್ ಸಿಕ್ಕಿಸಿದ ತಕ್ಷಣ ತಾನೇ ಓಡಲು ವೈರಸ್‌ಗೆ ಆಗುತ್ತಿಲ್ಲ. ಅದಕ್ಕೇ ನಿಮ್ಮ ಕೈಯಲ್ಲೇ ಕ್ಲಿಕ್ ಮಾಡಿಸುವ ಈ ಉಪಾಯ. ಆದ್ದರಿಂದ ಶಾರ್ಟ್‌ಕಟ್ ಮುಟ್ಟಲೇಬೇಡಿ. ಫಾರ್ಮ್ಯಾಟ್ ಕೂಡ ಈಗಲೇ ಬೇಡ.

ಒಳ್ಳೇ ಆ್ಯಂಟಿವೈರಸ್ ಇರುವ ಕಂಪ್ಯೂಟರ್‌ನಲ್ಲಿ ಮೊದಲು ಸ್ಕ್ಯಾನ್ ಮಾಡಿ. ವಿಂಡೋಸ್ ಜೊತೆ ಬರುವ ಡಿಫೆಂಡರ್ ಆದರೂ ಸಾಕು. ಆಮೇಲೆ ಆ ಕಂಪ್ಯೂಟರ್‌ನಲ್ಲಿರುವ ಸೆವೆನ್‌ಜಿಪ್ ಫೈಲ್ ಮ್ಯಾನೇಜರ್ ತೆರೆದು ಪೆನ್‌ಡ್ರೈವ್ ಒಳಗೆ ಹೋಗಿ. ವಿಂಡೋಸ್ ಎಕ್ಸ್‌ಪ್ಲೋರರ್ ಅಡಗಿಸಿದ್ದನ್ನೂ ಇದು ತೋರಿಸುತ್ತದೆ. ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರ್ ಇರಬಹುದು, ಸಾಮಾನ್ಯವಾಗಿ ಎಲ್ಲವೂ ಅದರೊಳಗೇ ಇರುತ್ತವೆ. ಫೋಟೋ, ಡಾಕ್ಯುಮೆಂಟ್‌ಗಳನ್ನು ಮಾತ್ರ ಹೊರಗೆ ಕಾಪಿ ಮಾಡಿಕೊಳ್ಳಿ. ಪರಿಚಯ ಇಲ್ಲದ ಫೈಲ್ ಮುಟ್ಟಬೇಡಿ. ಎಲ್ಲ ಬಂತೇ ಎಂದು ನೋಡಿಕೊಂಡು ಆಮೇಲೆ ಫಾರ್ಮ್ಯಾಟ್ ಮಾಡಿ.

ಮುಂದಿನ ಸಲ ಹೊರಗೆ ಒಯ್ಯಲು ಎಸ್‌ಡಿ ಕಾರ್ಡ್ ಮತ್ತು ಒಂದು ಕಾರ್ಡ್ ರೀಡರ್ ಇಟ್ಟುಕೊಂಡರೆ ಹೇಗೆ? ಕಾರ್ಡಿನ ಪಕ್ಕದಲ್ಲಿ ಪುಟ್ಟ ಲಾಕ್ ಇರುತ್ತದೆ, ಕೆಳಗೆ ತಳ್ಳಿದರೆ ಅದಕ್ಕೆ ಏನನ್ನೂ ಬರೆಯಲಾಗುವುದಿಲ್ಲ. ಕೆಲವು ರೀಡರ್‌ಗಳು ಈ ಲಾಕನ್ನು ಗಮನಿಸುವುದಿಲ್ಲ, ಹಾಗಾಗಿ ಮನೆಯಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿ.

ಪ್ರಶ್ನೆ: ಗೆಳೆಯ ಪೋರ್ಟಬಲ್ ಫೋಟೋಶಾಪ್ ಕೊಟ್ಟಿದ್ದಾನೆ, ಚೆನ್ನಾಗಿ ಓಡುತ್ತಿದೆ. ಇಟ್ಟುಕೊಳ್ಳಬಹುದೇ?
— ಪುತ್ತೂರು

ಬೇಡ. ಅಡೋಬಿ ಅಂಥದ್ದನ್ನು ಮಾಡಿಯೇ ಇಲ್ಲ. ಯಾರೋ ಲೈಸೆನ್ಸ್ ಮುರಿದು ಕಟ್ಟಿದ್ದು ಅದು, ಒಳಗೆ ಇನ್ನೇನು ಸೇರಿಸಿದ್ದಾರೋ ಕಟ್ಟಿದವರಿಗೇ ಗೊತ್ತು. ಜಿಂಪ್ ಅಥವಾ ಕ್ರಿಟಾದ ಪೋರ್ಟಬಲ್ ಆವೃತ್ತಿ ಪುಕ್ಕಟೆ ಸಿಗುತ್ತದೆ. ಬರೀ ಪಾಸ್‌ಪೋರ್ಟ್ ಫೋಟೋ ಕತ್ತರಿಸಿ ಸೈಜ್ ಇಳಿಸುವ ಕೆಲಸವಾದರೆ ಅವೂ ಬೇಡ, ಇರ್ಫಾನ್‌ವ್ಯೂ ಸಾಕು.